ಮೇಷ್ಟ್ರು ಹೇಳಿದ ಯಾಶಿನ್, ನಾನು ಬಿಟ್ಟ ಗೋಲು

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಶಾಲೆಯಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ರಷ್ಯಾದ ಒಬ್ಬ ಗೋಲ್‌ಕೀಪರ್. ಭದ್ರಾವತಿಯ ನಮ್ಮ ಕನ್ನಡ ಶಾಲೆಗೂ ಮಾಸ್ಕೋದ ಲೆವ್ ಯಾಶಿನ್‌ಗೂ ಎಲ್ಲಿಂದೆಲ್ಲಿಯ ಸಂಬಂಧ ಅಂತೀರಾ? ಬೈಂಡಿನ ಸಂಬಂಧ.

ಆಗ ಸೋವಿಯತ್ ಲ್ಯಾಂಡ್ ಅಂತ ಒಂದು ಪತ್ರಿಕೆ ಕನ್ನಡದಲ್ಲೂ ಬರುತ್ತಿತ್ತು. ಅದನ್ನು ಓದುವವರು ಎಷ್ಟು ಮಂದಿ ಇದ್ದರೋ, ಬೈಂಡ್ ಹಾಕುವವರು ಮಾತ್ರ ಊರು ತುಂಬ ಇದ್ದರು. ಕಾಗದ ಅಷ್ಟು ನುಣುಪು, ಅಷ್ಟು ಗಟ್ಟಿ. ಜೂನ್ ಬಂತೆಂದರೆ ನಮ್ಮ ಕ್ಲಾಸಿನ ಅರ್ಧ ನೋಟ್‌ಬುಕ್ಕುಗಳ ಮೇಲೆ ಟ್ರ್ಯಾಕ್ಟರು, ಗೋಧಿ ಹೊಲ, ನಗುವ ಗಗಾರಿನ್. ನನ್ನ ಲೆಕ್ಕದ ನೋಟ್‌ಬುಕ್ಕಿಗೆ ಸಿಕ್ಕಿದ್ದು ಕಪ್ಪು ಬಟ್ಟೆ, ತಲೆಗೊಂದು ಟೋಪಿ ಹಾಕಿಕೊಂಡು ಗಾಳಿಯಲ್ಲಿ ಅಡ್ಡಡ್ಡ ಮಲಗಿದ್ದ ಒಬ್ಬ ಮನುಷ್ಯ. ಯಾರೋ ಬೀಳುತ್ತಿದ್ದಾನೆ ಅಂದುಕೊಂಡಿದ್ದೆ.

ಮಳೆ ಬಂದರೆ ಪಿ.ಟಿ. ಪೀರಿಯಡ್ ಕ್ಲಾಸಿನೊಳಗೇ ನಡೆಯುತ್ತಿತ್ತು. ನಮ್ಮ ಡ್ರಿಲ್ ಮೇಷ್ಟ್ರು ಬೆಂಚುಗಳ ನಡುವೆ ಸುಮ್ನೆ ಓಡಾಡುತ್ತಿದ್ದವರು ನನ್ನ ಮುಂದೆ ನಿಂತುಬಿಟ್ಟರು.

"ಈ ಬೈಂಡ್ ಯಾರದ್ದೋ?"

"ನಂದೇ ಸಾರ್."

"ಇವನ್ಯಾರು ಗೊತ್ತೇನೋ?"

ಗೊತ್ತಿಲ್ಲ ಅಂದೆ. ಅವರು ನೋಟ್‌ಬುಕ್ ಕೈಗೆ ತಗೊಂಡು ಸ್ವಲ್ಪ ಹೊತ್ತು ನೋಡಿದರು. "ಯಾಶಿನ್ ಕಣೋ" ಅಂದರು, ಮನೆಯವರ ಹೆಸರು ಹೇಳಿದ ಹಾಗೆ. ಮೇಷ್ಟ್ರು ಹರೆಯದಲ್ಲಿ ಕಾರ್ಖಾನೆಯ ಟೀಮಿಗೆ ಕೀಪರ್ ಆಗಿದ್ದವರು ಅಂತ ನಮಗೆ ತಿಳಿದದ್ದು ಆಮೇಲೆ. ಎಡಗೈ ಕಿರುಬೆರಳು ನೆಟ್ಟಗಿರಲಿಲ್ಲ. ಅದೂ ಬಾಲ್ ತಗುಲಿಯೇ ಆದದ್ದು.

ಒಂದು ವಿಷಯ ಈಗ ಯೋಚಿಸಿದರೆ ನಗು ಬರುತ್ತದೆ. ಮೂರು ವರ್ಷ ಅವರ ಬಾಯಲ್ಲಿ ಯಾಶಿನ್ ಕಥೆ ಕೇಳಿದೆ. ಹೆಚ್ಚಿನವು ಅವನು ಬಿಟ್ಟ ಗೋಲುಗಳ ಕಥೆ. ಅವನು ಗೆದ್ದದ್ದು ಏನು ಅಂತ ಅವರು ಸರಿಯಾಗಿ ಹೇಳಲೇ ಇಲ್ಲ. ಅದನ್ನು ನಾನು ದೊಡ್ಡವನಾದ ಮೇಲೆ ಓದಿ ತಿಳಿದುಕೊಂಡೆ.

ನಾನು ಕೀಪರ್ ಆದದ್ದು ಪ್ರತಿಭೆಯಿಂದಲ್ಲ. ಓಡಲು ಆಗದವನನ್ನು ಗೋಲಿನಲ್ಲಿ ನಿಲ್ಲಿಸುವುದು ಯಾವ ಮೈದಾನದಲ್ಲೂ ಇರುವ ಪದ್ಧತಿ. ನಮ್ಮ ಗೋಲಿಗೆ ಎರಡು ಸರ್ವೆ ಗಳ, ಮೇಲೆ ಅಡ್ಡಕ್ಕೆ ಒಂದು ಹಗ್ಗ. ಬಾಲ್ ಹಗ್ಗದ ಮೇಲೆ ಹೋಯಿತೋ ಕೆಳಗೆ ಹೋಯಿತೋ ಅಂತ ದಿನಾ ಜಗಳ. ಮಳೆಗಾಲದಲ್ಲಿ ಚರ್ಮದ ಬಾಲು ನೀರು ಕುಡಿದು ಕಲ್ಲಿನಂತಾಗುತ್ತಿತ್ತು. ಗ್ಲೌಸ್ ಅನ್ನುವುದನ್ನು ನಾವು ಚಿತ್ರದಲ್ಲಿ ಮಾತ್ರ ನೋಡಿದ್ದೆವು.

ಒಂಬತ್ತನೇ ಕ್ಲಾಸಿನಲ್ಲಿ, 1984ರಲ್ಲಿ, ತಾಲ್ಲೂಕು ಮಟ್ಟದ ಪಂದ್ಯ. ಎದುರಾಳಿ ಯಾವ ಶಾಲೆ ಅನ್ನುವುದು ಬೇಡ ಬಿಡಿ. ಅವರ ಕೀಪರ್ ಆ ಕಡೆಯಿಂದ ಬಾಲನ್ನು ಎತ್ತಿ ಒದ್ದ. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ನಾನು ಮುಂದೆ ಓಡಿಬಂದೆ. ಗೋಲಿನ ಮುಂದೆ ಕಾಯುವ ನಮ್ಮ ಬ್ಯಾಕ್ ಆಕಾಶ ನೋಡುತ್ತಾ ಹಿಂದಕ್ಕೆ ಬಂದ. ಇಬ್ಬರಿಗೂ ಢೀ. ನಾವು ನೆಲದ ಮೇಲಿದ್ದಾಗ ಬಾಲು ಒಂದು ಪುಟ ನೆಗೆದು, ಅವಸರವೇ ಇಲ್ಲದೆ ಗೋಲಿನೊಳಗೆ ಹೋಯಿತು. ಕೀಪರ್ ಒದ್ದ ಬಾಲಿಗೆ ಕೀಪರ್ ಗೋಲು ಬಿಡುವುದು! ಒಂದು ಸೊನ್ನೆಯಲ್ಲಿ ಸೋತೆವು. ಬೇಲಿ ಪಕ್ಕ ನಿಂತಿದ್ದ ಜನರ ನಗು ಇನ್ನೂ ಕಿವಿಯಲ್ಲಿದೆ.

ನಾಳೆಯಿಂದ ಬರಲ್ಲ ಸಾರ್ ಅಂತ ಹೊಂಗೆ ಮರದ ಕೆಳಗೆ ಅಳುತ್ತಾ ಕೂತಿದ್ದೆ. ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. ಬೈಯಲಿಲ್ಲ, ಬೆನ್ನು ತಟ್ಟಲೂ ಇಲ್ಲ. "ಯಾಶಿನ್‌ದೂ ಇದೇ ಕಥೆ ಕಣೋ" ಅಂದರು.

ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೆ. ಸುಳ್ಳಲ್ಲ. 1950ರಲ್ಲಿ ಡೈನಮೋ ಮಾಸ್ಕೋ ಕ್ಲಬ್ಬಿಗೆ ಯಾಶಿನ್ ಹೊಸದಾಗಿ ಕೀಪರ್ ನಿಂತದ್ದು ಸ್ಟಾಲಿನ್‌ಗ್ರಾಡ್‌ನ ತಂಡದ ಎದುರು, ಒಂದು ಸೌಹಾರ್ದ ಪಂದ್ಯದಲ್ಲಿ. ಆ ತಂಡದ ಕೀಪರ್ ಉದ್ದಕ್ಕೆ ಒದ್ದ ಬಾಲನ್ನು ಹಿಡಿಯಲು ಯಾಶಿನ್ ಮುಂದೆ ಬಂದು, ತನ್ನದೇ ಬ್ಯಾಕ್‌ಗೆ ಡಿಕ್ಕಿ ಹೊಡೆದು ಬಿದ್ದ. ಬಾಲು ಗೋಲಿನೊಳಗೆ. ಸಾಲದು ಅಂತ ಅದೇ ವರ್ಷ ಲೀಗ್‌ನಲ್ಲಿ ಸ್ಪಾರ್ಟಾಕ್ ಎದುರು ಮತ್ತೊಮ್ಮೆ ತನ್ನವನಿಗೇ ಡಿಕ್ಕಿ, ಮತ್ತೊಂದು ಗೋಲು. ಆಮೇಲೆ ಅವನನ್ನು ರಿಸರ್ವ್ ಟೀಮಿಗೆ ತಳ್ಳಿದರು. 1953ರವರೆಗೂ ಅಲ್ಲೇ. ಡೈನಮೋದಲ್ಲಿ ಅವನಿಗಿಂತ ಮುಂದೆ ಅಲೆಕ್ಸಿ ಖೋಮಿಚ್ ಎಂಬ ದೊಡ್ಡ ಕೀಪರ್ ಇದ್ದ, ಜನ ಅವನನ್ನು ಹುಲಿ ಅಂತ ಕರೆಯುತ್ತಿದ್ದರು. ಹುಲಿಯ ಹಿಂದೆ ನಿಂತವನನ್ನು ಯಾರು ನೋಡುತ್ತಾರೆ? ಯಾಶಿನ್ ಸುಮ್ಮನೆ ಕೂರಲಿಲ್ಲ. ಡೈನಮೋದ ಐಸ್ ಹಾಕಿ ತಂಡಕ್ಕೂ ಗೋಲು ಕಾದ. 1953ರಲ್ಲಿ ಆ ತಂಡ ಸೋವಿಯತ್ ಕಪ್ ಗೆದ್ದಿತು ಕೂಡ. ಹಾಕಿಯಲ್ಲೇ ಉಳಿದಿದ್ದರೆ ಫುಟ್ಬಾಲಿಗೆ ಯಾಶಿನ್ ಸಿಗುತ್ತಲೇ ಇರಲಿಲ್ಲ.

"ಅವನು ಮಾಡಿದ ತಪ್ಪೇನು ಗೊತ್ತಾ? ಬಾಯಿ ಬಿಡಲಿಲ್ಲ. ಕೀಪರ್ ಆದವನು ಕೂಗಬೇಕು. ನೀನು ಕೂಗಿದ್ಯಾ?" ಅಂದರು ಮೇಷ್ಟ್ರು.

"ನಂದು ಅಂತ ಕೂಗಿದೆ ಸಾರ್."

"ನನಗೆ ಕೇಳಿಸಲಿಲ್ಲ."

ಅಂದಿನಿಂದ ಪ್ರಾಕ್ಟೀಸಿನಲ್ಲಿ ನನಗೆ ಬಾಲು ಹಿಡಿಯುವುದಕ್ಕಿಂತ ಕೂಗುವ ಕೆಲಸ ಜಾಸ್ತಿ. "ನಂದು!", "ಬಿಡು!", "ಎಡಗಡೆ ಒಬ್ಬ!" ಅಂತ. ಪಕ್ಕದ ಕ್ವಾರ್ಟರ್ಸಿನ ಹೆಂಗಸರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಯಾಶಿನ್ ಕೂಡ ಹಾಗೇ ಅಂತೆ, ಪಂದ್ಯ ಮುಗಿಯುವವರೆಗೂ ಬ್ಯಾಕ್‌ಗಳ ಮೇಲೆ ಕೂಗಾಡುತ್ತಲೇ ಇರುತ್ತಿದ್ದ. ಅವನಿಗಿಂತ ಮುಂಚೆ ಹೆಚ್ಚಿನ ಕೀಪರ್‌ಗಳು ಗೋಲಿನ ಗೆರೆ ಬಿಟ್ಟು ಕದಲುತ್ತಿರಲಿಲ್ಲ, ಬಂದದ್ದನ್ನು ತಡೆದರೆ ಆಯಿತು. ಇವನು ಗೋಲಿನ ಮುಂದಿನ ಇಡೀ ಪೆನಾಲ್ಟಿ ಬಾಕ್ಸ್ ತನ್ನ ಮನೆ ಅಂಗಳ ಅನ್ನುವ ಹಾಗೆ ಓಡಿಬರುತ್ತಿದ್ದ. ಹಿಡಿಯುವುದು ಕಷ್ಟ ಅನ್ನಿಸಿದರೆ ಮುಷ್ಟಿಯಿಂದ ಗುದ್ದುತ್ತಿದ್ದ. ಹಿಡಿದ ಮರುಕ್ಷಣ ತನ್ನವರಿಗೆ ದೂರಕ್ಕೆ ಎಸೆದು ದಾಳಿ ಶುರು ಮಾಡಿಸುತ್ತಿದ್ದ. ಗೆರೆ ಬಿಟ್ಟು ಬಂದು, ಟೋಪಿ ತೆಗೆದು, ಬಾಲನ್ನು ತಲೆಯಿಂದ ಹೊಡೆದು, ಮತ್ತೆ ಟೋಪಿ ಹಾಕಿಕೊಂಡ ಎಂಬ ಕಥೆಯೂ ಇದೆ. ಇದು ಮೇಷ್ಟ್ರ ಅಚ್ಚುಮೆಚ್ಚಿನ ಕಥೆ. ಹೇಳುವಾಗ ತಮ್ಮ ಕ್ಯಾಪ್ ತೆಗೆದು ತೋರಿಸುತ್ತಿದ್ದರು.

ನಮ್ಮ ಊರಿನ ಹುಡುಗರಿಗೆ ಬೇಗ ಹತ್ತಿರವಾದದ್ದು ಅವನ ಬಾಲ್ಯ. 1929ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು, ಅಪ್ಪ ಅಮ್ಮ ಇಬ್ಬರೂ ಕಾರ್ಖಾನೆ ಕೆಲಸದವರು. ಯುದ್ಧ ಬಂದಾಗ ಮನೆಯವರೆಲ್ಲ ಊರು ಬಿಟ್ಟು ಉಲ್ಯಾನೊವ್ಸ್ಕ್ ಕಡೆಗೆ ಹೋದರು. ಹದಿಮೂರರ ಆಸುಪಾಸಿನ ಹುಡುಗ ಯುದ್ಧಸಾಮಗ್ರಿ ಮಾಡುವ ಕಾರ್ಖಾನೆಗೆ ಕೆಲಸಕ್ಕೆ ಹೋದ. ಇದನ್ನು ಮೇಷ್ಟ್ರು ಹೇಳುತ್ತಿದ್ದಾಗಲೇ ಒಮ್ಮೆ ನಮ್ಮ ಕಾರ್ಖಾನೆಯ ಸೈರನ್ ಕೂಗಿತು. ಎರಡನೇ ಶಿಫ್ಟಿನದು. ನಮ್ಮಪ್ಪ ಈಗ ಒಳಗೆ ಹೋಗಿರುತ್ತಾರೆ ಅಂತ ಯಾರೋ ಪಿಸುಗುಟ್ಟಿದರು. ಹದಿಮೂರಕ್ಕೆ ನಾವು ಏನು ಮಾಡುತ್ತಿದ್ದೆವು? ಬೈಂಡ್ ಹಾಕುತ್ತಿದ್ದೆವು.

ಹದಿನೆಂಟಕ್ಕೆ ಆ ಹುಡುಗನ ಮನಸ್ಸು ಸೋತುಹೋಯಿತು. ಕೆಲಸಕ್ಕೆ ಹೋಗುವುದನ್ನೇ ನಿಲ್ಲಿಸಿಬಿಟ್ಟ. ಆಗಿನ ಸೋವಿಯತ್ ಕಾನೂನಿನಲ್ಲಿ ಅದು ಸಣ್ಣ ತಪ್ಪಲ್ಲ. ಸೈನ್ಯಕ್ಕೆ ಸೇರಿಕೋ ಅಂತ ಯಾರೋ ಬುದ್ಧಿ ಹೇಳಿದರು. ಅಲ್ಲಿ ಆಡುತ್ತಿದ್ದಾಗ ಡೈನಮೋದ ಕೋಚ್ ಅರ್ಕಾಡಿ ಚೆರ್ನಿಶೊವ್ ಕಣ್ಣಿಗೆ ಬಿದ್ದ. ಖಿನ್ನತೆ ಅನ್ನುವ ಮಾತು ಆಗ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಮೇಷ್ಟ್ರು "ಮನಸ್ಸು ಸೋತುಹೋಯಿತು" ಅಂತಲೇ ಹೇಳಿದ್ದು. ನನಗೆ ಈಗಲೂ ಅದೇ ಸರಿ ಅನ್ನಿಸುತ್ತದೆ.

ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿದ್ದು 1962ರ ಚಿಲಿ ವಿಶ್ವಕಪ್ ಕಥೆ. ಅರಿಕಾ ಎಂಬ ಊರಿನಲ್ಲಿ ಕೊಲಂಬಿಯಾ ಎದುರು ಪಂದ್ಯ. ಹನ್ನೊಂದು ನಿಮಿಷಕ್ಕೇ ಸೋವಿಯತ್ ತಂಡ 3-0 ಮುಂದೆ. ಆಮೇಲೆ 4-1. ಗೆದ್ದಾಯಿತು ಅನ್ನುವಾಗ ಮಾರ್ಕೋಸ್ ಕೋಲ್ ಎಂಬವನು ಮೈದಾನದ ಮೂಲೆಯಿಂದ ಒದ್ದ ಕಾರ್ನರ್ ಯಾರಿಗೂ ತಗಲದೆ ನೇರ ಗೋಲಿಗೆ ಹೋಯಿತು. ಪುರುಷರ ವಿಶ್ವಕಪ್‌ನಲ್ಲಿ ಕಾರ್ನರ್‌ನಿಂದ ನೇರವಾಗಿ ಬಂದ ಗೋಲು ಅದೊಂದೇ. ಕೊನೆಗೆ 4-4. ಕ್ವಾರ್ಟರ್ ಫೈನಲ್‌ನಲ್ಲಿ ಚಿಲಿ ಎದುರು 2-1ರಲ್ಲಿ ಸೋತು ಮನೆಗೆ. ಆ ಪಂದ್ಯಗಳನ್ನು ಅವನ ದೇಶದ ಜನ ಟಿ.ವಿ.ಯಲ್ಲಿ ನೋಡಿರಲಿಲ್ಲ, ಪತ್ರಿಕೆ ಓದಿಯೇ ತೀರ್ಪು ಕೊಟ್ಟರು. ಎಲ್ಲ ಯಾಶಿನ್‌ನಿಂದಲೇ ಆಯಿತು ಅಂದರು. ಅವನ ಮನೆ ಕಿಟಕಿ ಗಾಜಿಗೆ ಕಲ್ಲು ಬಿತ್ತು. ಬೆದರಿಕೆ ಪತ್ರಗಳು ಬಂದವು. ವಯಸ್ಸು ಮೂವತ್ತೆರಡು. ಆಟ ಬಿಟ್ಟುಬಿಡುವ ಯೋಚನೆಯೂ ಬಂತಂತೆ. ಮೀನು ಹಿಡಿಯುವ ಹುಚ್ಚಿನವನು, ಸ್ವಲ್ಪ ದಿನ ಗಾಳ ಹಿಡಿದು ಕೂತ.

ಮೇಷ್ಟ್ರು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. ಆಮೇಲೆ ಏನಾಯ್ತು ಸಾರ್ ಅಂದರೆ, "ಆಮೇಲೆ ಆಡಿದ" ಅಂತ ಎದ್ದು ಹೋಗುತ್ತಿದ್ದರು.

ಹೇಗೆ ಆಡಿದ ಅನ್ನುವುದನ್ನು ನಾನೇ ಹುಡುಕಿಕೊಂಡೆ. ಮರುವರ್ಷ, 1963ರಲ್ಲಿ, ಲೀಗ್‌ನ 27 ಪಂದ್ಯಗಳಲ್ಲಿ ಅವನು ಬಿಟ್ಟದ್ದು ಆರೇ ಗೋಲು. ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆಗೆ ನೂರು ವರ್ಷ ತುಂಬಿದ ಪಂದ್ಯ ವೆಂಬ್ಲಿಯಲ್ಲಿ ನಡೆಯಿತು. ವಿಶ್ವ ತಂಡಕ್ಕೆ ಮೊದಲರ್ಧ ಯಾಶಿನ್ ನಿಂತ, ಒಂದೂ ಗೋಲು ಬಿಡಲಿಲ್ಲ. ಅವನು ಹೊರಗೆ ಹೋದ ಮೇಲೆ ಇಂಗ್ಲೆಂಡ್ 2-1ರಲ್ಲಿ ಗೆದ್ದಿತು. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಆ ವರ್ಷ ಅವನಿಗೇ ಬಂತು. ಆ ಪ್ರಶಸ್ತಿ ಪಡೆದ ಗೋಲ್‌ಕೀಪರ್ ಇವತ್ತಿಗೂ ಅವನೊಬ್ಬನೇ. ಕಲ್ಲು ಬಿದ್ದದ್ದಕ್ಕೂ ಇದಕ್ಕೂ ನಡುವೆ ಹೆಚ್ಚುಕಡಿಮೆ ಒಂದೂವರೆ ವರ್ಷ ಅಷ್ಟೇ ನೋಡಿ.

ಉಳಿದ ಪಟ್ಟಿ ಉದ್ದವಿದೆ, ಬೇಗ ಹೇಳಿಬಿಡುತ್ತೇನೆ. ಡೈನಮೋಗೆ ಐದು ಸಲ ಲೀಗ್, ಮೂರು ಸಲ ಕಪ್. 1960ರಲ್ಲಿ ಪ್ಯಾರಿಸ್‌ನಲ್ಲಿ ದೇಶಗಳ ನಡುವಿನ ಮೊದಲ ಯೂರೋಪಿಯನ್ ನೇಷನ್ಸ್ ಕಪ್. 1966ರ ವಿಶ್ವಕಪ್‌ನಲ್ಲಿ ನಾಲ್ಕನೇ ಸ್ಥಾನ. ದೇಶಕ್ಕೆ 74 ಪಂದ್ಯ. ಒಟ್ಟು 150 ಪೆನಾಲ್ಟಿ ತಡೆದ ಅನ್ನುತ್ತಾರೆ, ಯಾರು ಕೂತು ಎಣಿಸಿದರೋ ನನಗೆ ಅನುಮಾನ. ಇದಕ್ಕೆಲ್ಲ ಮುಂಚೆ 1956ರ ಮೆಲ್ಬರ್ನ್ ಒಲಿಂಪಿಕ್ಸ್ ಚಿನ್ನ. ಅದನ್ನು ಓದುವಾಗ ನಾನು ಎದ್ದು ಕೂತೆ. ಯಾಕೆಂದರೆ ಭಾರತ ಫುಟ್ಬಾಲಿನಲ್ಲಿ ನಾಲ್ಕನೇ ಸ್ಥಾನ ಪಡೆದದ್ದು ಅದೇ ಕೂಟದಲ್ಲಿ. ಸೆಮಿಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದ ಯುಗೋಸ್ಲಾವಿಯಾವನ್ನೇ ಫೈನಲ್‌ನಲ್ಲಿ ಯಾಶಿನ್ ತಂಡ 1-0ರಲ್ಲಿ ಸೋಲಿಸಿತು. ನಮ್ಮ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು, ಕೀಪರ್ ಪೀಟರ್ ತಂಗರಾಜ್ ಇದ್ದರು. ಯುಗೋಸ್ಲಾವಿಯಾವನ್ನು ಗೆದ್ದಿದ್ದರೆ ನಮ್ಮವರು ಯಾಶಿನ್‌ನ ಗೋಲಿಗೆ ಬಾಲು ಒದೆಯುತ್ತಿದ್ದರು, ಅಲ್ವಾ? ಮೇಷ್ಟ್ರು ಇದನ್ನು ಯಾಕೆ ಹೇಳಲಿಲ್ಲ ಅಂತ ಸ್ವಲ್ಪ ಕೋಪವೇ ಬಂತು.

1990ರ ಮಾರ್ಚ್‌ನಲ್ಲಿ ಯಾಶಿನ್ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಒಂದು ಕಾಲು ತೆಗೆದಿದ್ದರು, ಆಮೇಲೆ ಹೊಟ್ಟೆಯ ಕ್ಯಾನ್ಸರ್. ನಾನಾಗ ಶಿವಮೊಗ್ಗದಲ್ಲಿ ಬಿ.ಕಾಂ. ಓದುತ್ತಿದ್ದೆ. ಪೇಪರಿನಲ್ಲಿ ಸಣ್ಣ ಸುದ್ದಿ ನೋಡಿ ಬಸ್ ಹತ್ತಿ ಭದ್ರಾವತಿಗೆ ಬಂದೆ. ಮೇಷ್ಟ್ರು ನಿವೃತ್ತರಾಗಿ ಹಿತ್ತಲಲ್ಲಿ ಬದನೆ ಗಿಡಕ್ಕೆ ನೀರು ಬಿಡುತ್ತಿದ್ದರು. ಹೇಳಿದೆ. ನೀರು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ 1971ರಲ್ಲಿ ಮಾಸ್ಕೋದಲ್ಲಿ ನಡೆದ ಬೀಳ್ಕೊಡುಗೆ ಪಂದ್ಯದ ಬಗ್ಗೆ ಹೇಳಿದರು. ಒಂದು ಲಕ್ಷ ಜನ, ಎದುರು ತಂಡದಲ್ಲಿ ಯುಸೇಬಿಯೊ, ಬಾಬಿ ಚಾರ್ಲ್ಟನ್, ಗೆರ್ಡ್ ಮುಲ್ಲರ್‌ರಂಥ ಹೆಸರಾಂತ ಆಟಗಾರರು. ದ್ವಿತೀಯಾರ್ಧದಲ್ಲಿ ಯಾಶಿನ್ ತನ್ನ ಗ್ಲೌಸ್ ತೆಗೆದು ಪಿಲ್ಗುಯ್ ಎಂಬ ಹುಡುಗ ಕೀಪರ್‌ಗೆ ಕೊಟ್ಟು ಹೊರಗೆ ನಡೆದ. ಅವರು ನನಗೆ ಹೇಳಿದ, ಯಾಶಿನ್ ಗೋಲು ಬಿಡದ ಪಂದ್ಯದ ಕಥೆ ಅದೊಂದೇ. "ಟೀ ಕುಡಿದು ಹೋಗು" ಅಂದರು.

ಮೇಷ್ಟ್ರು ಈಗಿಲ್ಲ. ಹೋದ ವರ್ಷ ಮೊಬೈಲಿನಲ್ಲಿ ಆ ಕೊಲಂಬಿಯಾ ಕಾರ್ನರ್ ಸಿಕ್ಕಿತು. ನಾಲ್ಕೈದು ಸಲ ನೋಡಿದೆ. ಹತ್ತಿರದ ಕಂಬದ ಪಕ್ಕ ಚೋಖೆಲಿ ಎಂಬ ಸೋವಿಯತ್ ಬ್ಯಾಕ್ ನಿಂತಿದ್ದಾನೆ. ಬಾಲು ಅವನ ಪಕ್ಕದಲ್ಲೇ ಹಾದುಹೋಗುತ್ತದೆ. ಕಾಲು ಚಾಚಿದ್ದರೆ ಸಿಗುತ್ತಿತ್ತು. ಕೀಪರ್ ತಗೊಳ್ತಾನೆ ಅಂತ ಅವನು, ಬ್ಯಾಕ್ ಒದೀತಾನೆ ಅಂತ ಇವನು.

ಜನವರಿಯಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿದ್ದಾಗ ಅದನ್ನು ನಮ್ಮ ಆ ಬ್ಯಾಕ್‌ಗೆ ತೋರಿಸಿದೆ. ಅವನೀಗ ಅಜ್ಜ. ಊಟದ ಸಾಲಿನಲ್ಲಿ ಪಕ್ಕದಲ್ಲೇ ಕೂತಿದ್ದ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, ಫೋನ್ ವಾಪಸ್ ಕೊಟ್ಟ.

"ಅದೇನೋ ಸರಿ. ಆದರೆ ಅವತ್ತು ನೀನು ನಂದು ಅಂತ ಕೂಗಲೇ ಇಲ್ಲ ಕಣೋ" ಅಂದ.

ಕೂಗಿದ್ದೆ.