ಡ್ವಾರ್ಫ್‌ಗೆ ನಾನು ಕೊಟ್ಟ ಹತ್ತು ಅಡಿ

ಆಟ ಆಡಿಸುವುದೇ ನನ್ನ ಕೆಲಸ. ಸುಮ್ನೆ ಹೇಳ್ತಿಲ್ಲ, ದುಡ್ಡು ತಗೊಂಡು ಆಡಿಸುತ್ತೇನೆ. ವಾರಕ್ಕೆ ನಾಲ್ಕು ಟೇಬಲ್, ಒಂದೊಂದರಲ್ಲೂ ನಾಲ್ಕೈದು ಜನ, ಎಲ್ಲವೂ ವಿಡಿಯೊ ಕಾಲ್‌ನಲ್ಲಿ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ನಾನು ಕಥೆ ನಡೆಸುತ್ತೇನೆ, ಒಬ್ಬೊಬ್ಬರೂ ಒಂದೊಂದು ಪಾತ್ರ ಆಡುತ್ತಾರೆ, ಕೈಹಾಕಿದ ಕೆಲಸ ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ನಾವು ಆಡುವುದು 2014ರ ನಿಯಮಗಳ ಪ್ರಕಾರ. 2024ರಲ್ಲಿ ಹೊಸ ಪುಸ್ತಕ ಬಂತು ನಿಜ. ಆದರೆ ಕಥೆ ಅರ್ಧ ನಡೆದಿರುವಾಗ ನಿಯಮ ಬದಲಿಸಿದರೆ ಎಲ್ಲರ ಶೀಟನ್ನೂ (ಪಾತ್ರದ ಶಕ್ತಿ, ಕೌಶಲ ಬರೆದಿಡುವ ಹಾಳೆ) ಮತ್ತೆ ಬರೆಯಬೇಕು. ಆ ಗೋಜು ಬೇಡ ಅಂತ ಹಳೆಯದರಲ್ಲೇ ಇದ್ದೇವೆ.

ಒಂದು ಟೇಬಲ್‌ನಲ್ಲಿ ಒಬ್ಬರು ಡ್ವಾರ್ಫ್ ಕ್ಲೆರಿಕ್, ಅಂದರೆ ಕುಳ್ಳ ಜನಾಂಗದ ಪುರೋಹಿತನ ಪಾತ್ರ, ಆಡುತ್ತಿದ್ದರು. ಆರನೇ ಸೆಷನ್ ಮುಗಿದು ಎಲ್ಲರೂ ಹೊರಟ ಮೇಲೆ ಅವರೊಬ್ಬರೇ ಕಾಲ್‌ನಲ್ಲಿ ಉಳಿದರು. 'ನನ್ನ ಶೀಟ್‌ನಲ್ಲಿ ಸ್ಟೋನ್‌ಕನ್ನಿಂಗ್ ಅಂತ ಒಂದಿದೆ. ಇದು ಯಾವತ್ತಾದ್ರೂ ಕೆಲಸಕ್ಕೆ ಬರುತ್ತಾ?' ಅಂತ ಕೇಳಿದರು.

ಕೇಳುವಂಥ ಮಾತೇ. ಡ್ವಾರ್ಫ್ ಅಂದರೆ ಬೆಟ್ಟದ ಹೊಟ್ಟೆಯಲ್ಲಿ ಊರು ಕಟ್ಟಿಕೊಂಡ ಜನ. ಕಲ್ಲು ಅವರ ರಕ್ತದಲ್ಲೇ ಇದೆ ಅಂತ ಪುಸ್ತಕದ ತುಂಬ ಹೊಗಳಿಕೆ. ನಿಯಮಕ್ಕೆ ಬಂದರೆ ಸಿಗುವುದು ಇಷ್ಟೇ: ಕಲ್ಲಿನ ಕಟ್ಟಡ ಎಲ್ಲಿಂದ ಬಂತು, ಯಾರದು ಅನ್ನುವ ಹಿಸ್ಟರಿ ಚೆಕ್‌ಗೆ (ದಾಳ ಉರುಳಿಸಿ, ಬಂದದ್ದಕ್ಕೆ ಪಾತ್ರದ ಅಂಕ ಕೂಡಿಸಿ, ಗುರಿ ಮುಟ್ಟಿತಾ ಅಂತ ನೋಡುವುದು) ಪ್ರೊಫಿಶಿಯನ್ಸಿ ಬೋನಸ್, ಅಂದರೆ ಕಲಿತ ವಿದ್ಯೆಗೆ ಸಿಗುವ ಅಂಕ, ಎರಡರಷ್ಟು. ಹಿಸ್ಟರಿ ಕಲಿಯದಿದ್ದರೂ ಕಲಿತಂತೆ ಲೆಕ್ಕ.

ನಾನು ಆ ರಾತ್ರಿಯೇ ಒಂದು ಹೌಸ್ ರೂಲ್, ಅಂದರೆ ಪುಸ್ತಕದಲ್ಲಿಲ್ಲದ ನಮ್ಮದೇ ನಿಯಮ, ಬರೆದೆ. 'ಕಲ್ಲಿನ ಗೋಡೆಯಲ್ಲಿ ಅಡಗಿದ ಬಾಗಿಲಾಗಲಿ, ಟ್ರ್ಯಾಪ್ ಆಗಲಿ, 10 ಅಡಿ ಹತ್ತಿರ ಬಂದರೆ ಡ್ವಾರ್ಫ್‌ಗೆ ತಾನಾಗಿಯೇ ಗೊತ್ತಾಗುತ್ತದೆ.' ಒಂದೇ ವಾಕ್ಯ. ಹಳೆ ಆವೃತ್ತಿಗಳಲ್ಲಿ ಹೀಗೇ ಏನೋ ಇತ್ತು ಅಂತ ನೆನಪು. ಪುಸ್ತಕ ತೆಗೆದು ನೋಡಲಿಲ್ಲ. ಬರೆದ ಖುಷಿಯಲ್ಲೇ ಗ್ರೂಪ್‌ಗೆ ಹಾಕಿದೆ, ಮೂರು ಚಪ್ಪಾಳೆ ಬಂದವು.

ಏಳನೇ ಸೆಷನ್ ಒಂದು ಪಾಳುಬಿದ್ದ ಗಣಿಯಲ್ಲಿ. ನಾಲ್ಕು ಗುಪ್ತ ಬಾಗಿಲು ಇಟ್ಟಿದ್ದೆ, ನಕ್ಷೆ ಬಿಡಿಸಲು ಎರಡು ಸಂಜೆ ಹೋಗಿತ್ತು. ಕ್ಲೆರಿಕ್ ಸುರಂಗದ ನಡುವೆ ನಡೆದರು. 'ಎಡಗಡೆ ಬಾಗಿಲಿದೆ' ಅಂದೆ. ಇನ್ನೊಂದು ತಿರುವು. 'ಇಲ್ಲೂ ಒಂದಿದೆ.' ಸುರಂಗದ ಅಗಲವೇ 10 ಅಡಿ, ಹಾಗಾಗಿ ಯಾವ ಗೋಡೆಯೂ ಅವರಿಂದ ದೂರ ಇರಲಿಲ್ಲ. ಮೂರನೆಯದಕ್ಕೆ ಬರುವಾಗ ನನ್ನ ದನಿ ನನಗೇ ಬಸ್ ನಿಲ್ದಾಣದ ಹೆಸರು ಕೂಗುವವರ ಥರ ಕೇಳಿಸುತ್ತಿತ್ತು. ಮೂರು ಗಂಟೆಗೆ ಅಂತ ಮಾಡಿಟ್ಟಿದ್ದು ನಲವತ್ತು ನಿಮಿಷಕ್ಕೆ ಮುಗಿಯಿತು.

ಅದೇ ಟೇಬಲ್‌ನಲ್ಲಿ ರೋಗ್ (ಕಳ್ಳನ ಕೈಚಳಕದ ಪಾತ್ರ) ಆಡುವವರೂ ಒಬ್ಬರಿದ್ದರು. ಮೊದಲ ಲೆವೆಲ್‌ನಲ್ಲೇ ತಮ್ಮ ಎಕ್ಸ್‌ಪರ್ಟೀಸನ್ನು (ಆಯ್ದ ಕೌಶಲಕ್ಕೆ ದುಪ್ಪಟ್ಟು ಬೋನಸ್) ಇನ್ವೆಸ್ಟಿಗೇಶನ್‌ಗೆ ಹಾಕಿದ್ದರು, ಗುಪ್ತ ಬಾಗಿಲು ಹುಡುಕುವುದಕ್ಕೆ ಅಂತಲೇ. ಅವತ್ತು ಅವರು ಇಪ್ಪತ್ತು ಮುಖದ ದಾಳವನ್ನು ಒಮ್ಮೆಯೂ ಉರುಳಿಸಲಿಲ್ಲ. ಎರಡನೇ ಬಾಗಿಲಾದ ಮೇಲೆ ಅವರ ಕ್ಯಾಮೆರಾ ಆಫ್ ಆಯಿತು. ಮಾರನೇ ದಿನ ಮೆಸೇಜ್: 'ಮುಂದಿನ ವಾರ ಬರೋಕಾಗಲ್ಲ ಅನ್ಸುತ್ತೆ. ಹೆಂಗೂ ನನ್ನ ಕೆಲಸ ಬೇರೆಯವರು ಮಾಡ್ತಿದ್ದಾರಲ್ವಾ.' ಕೊನೆಗೊಂದು ನಗುವ ಮುಖ. ಆ ನಗುವ ಮುಖವೇ ಜಾಸ್ತಿ ಚುಚ್ಚಿತು.

ಆಗ ಪುಸ್ತಕ ತೆಗೆದೆ. 1978ರ ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ ಡ್ವಾರ್ಫ್‌ಗೆ ಒಂದು ಪಟ್ಟಿಯೇ ಇದೆ. ಸುರಂಗದ ಇಳಿಜಾರು ಪತ್ತೆಯಾಗುವ ಸಾಧ್ಯತೆ ನೂರಕ್ಕೆ 75, ಹೊಸದಾಗಿ ಕಟ್ಟಿದ ಭಾಗಕ್ಕೂ 75, ಕಲ್ಲಿನ ಟ್ರ್ಯಾಪ್‌ಗೆ 50. ನನ್ನ 10 ಅಡಿಯೂ ಅಲ್ಲೇ ಇದೆ. ಅದರ ಪಕ್ಕದಲ್ಲೇ, ಇದು ತಾನಾಗಿ ಗೊತ್ತಾಗುವುದಿಲ್ಲ, ಆಟಗಾರ ಬೇಕೆಂದೇ ಗಮನಿಸಬೇಕು ಅಂತಲೂ ಇದೆ. 2000ದ ಮೂರನೇ ಆವೃತ್ತಿಯಲ್ಲಿ 10 ಅಡಿಯೊಳಗೆ ಬಂದರೆ ಸಾಕು, ಹುಡುಕದಿದ್ದರೂ ಹುಡುಕಿದಂತೆ. ಆದರೆ ಸಿಗುವುದು ಒಂದು ಸರ್ಚ್ ಚೆಕ್, ಅದಕ್ಕೆ +2. ದಾಳ ಬಿದ್ದರೆ ಬಾಗಿಲು, ಬೀಳದಿದ್ದರೆ ಬರೀ ಗೋಡೆ. ಒಂದರಲ್ಲಿ ಗಮನ ಬೇಕು, ಇನ್ನೊಂದರಲ್ಲಿ ದಾಳ ಬೇಕು. ನಾನು ಎರಡನ್ನೂ ಬಿಟ್ಟು 10 ಅಡಿಯನ್ನು ಮಾತ್ರ ಎತ್ತಿಕೊಂಡು ಬಂದಿದ್ದೆ.

ಇಷ್ಟಕ್ಕೇ ಬಿಟ್ಟಿದ್ದರೆ ದಾಳ ವಾಪಸ್ ತಂದು ಸುಮ್ಮನಾಗುತ್ತಿದ್ದೆ. ಆದರೆ ಹಳೆಯ ಸೆಷನ್‌ಗಳ ನನ್ನ ನೋಟ್ಸ್ ತಿರುವಿ ಹಾಕಿದಾಗ ಬೇರೆಯದೇ ಕಾಣಿಸಿತು. ಆರು ಸೆಷನ್‌ನಲ್ಲಿ ಆ ಕ್ಲೆರಿಕ್ ಎರಡು ಸಲ ಸ್ಟೋನ್‌ಕನ್ನಿಂಗ್ ಬಳಸಿದ್ದರು, ಎರಡೂ ಸಲ ಗೆದ್ದಿದ್ದರು. ಗೆಲ್ಲುವುದೇನೂ ಕಷ್ಟವಲ್ಲ. ಐದನೇ ಲೆವೆಲ್‌ನಲ್ಲಿ ಪ್ರೊಫಿಶಿಯನ್ಸಿ 3, ಎರಡರಷ್ಟಾದರೆ 6. ಅವರ ಇಂಟೆಲಿಜೆನ್ಸ್ 8, ಅಷ್ಟು ಕಡಿಮೆ ಇದ್ದರೆ ಒಂದು ಅಂಕ ಕಡಿತ, ಉಳಿದದ್ದು 5. ಗುರಿ 15 ಆದರೆ ದಾಳದಲ್ಲಿ 10 ಬಂದರೆ ಸಾಕು, ನೂರಕ್ಕೆ 55 ಸಲ ಗೆಲುವು. ದಡ್ಡ ಕ್ಲೆರಿಕ್‌ಗೆ ಇದು ಒಳ್ಳೆಯ ಲೆಕ್ಕವೇ.

ಗೆದ್ದಾಗ ನಾನು ಏನು ಹೇಳಿದ್ದೆ? ಒಮ್ಮೆ, 'ಈ ಗೋಡೆ ಸುಮಾರು ಮುನ್ನೂರು ವರ್ಷ ಹಳೆಯದು.' ಇನ್ನೊಮ್ಮೆ, 'ಇದು ಮನುಷ್ಯರು ಕಟ್ಟಿದ್ದು.' ಅಷ್ಟೇ. ಅದನ್ನು ತಗೊಂಡು ಅವರು ಏನು ಮಾಡಬೇಕಿತ್ತು? ನಿಯಮ ಸರಿಯಾಗೇ ಇತ್ತು. ನನ್ನ ಗೋಡೆಗಳ ಬಳಿ ಹೇಳಲು ಏನೂ ಇರಲಿಲ್ಲ. ನಾನು ಹೋಂವರ್ಕ್ ಮಾಡಿಕೊಂಡು ಬಾರದೆ, ತಪ್ಪನ್ನು ಪುಸ್ತಕದ ಮೇಲೆ ಹಾಕಿದ್ದೆ.

ಕೊಟ್ಟ ರೂಲ್ ವಾಪಸ್ ತಗೊಳ್ಳೋದು ಬಹಳ ಮುಜುಗರದ ಕೆಲಸ. ಗೆಳೆಯರ ಜೊತೆ ಆಡುವಾಗ 'ಏ, ಅದು ಬೇಡ ಬಿಡು' ಅಂದರೆ ಮುಗಿಯಿತು. ದುಡ್ಡು ಕೊಟ್ಟವರಿಗೆ ಅದು ಕೊಟ್ಟ ಮಾತಿನ ಹಾಗೆ. ಸಾಲದು ಅಂತ ಇನ್ನೊಂದು ಟೇಬಲ್‌ನಲ್ಲೂ ಆಡುವ ಒಬ್ಬರು ಅಲ್ಲಿಗೆ ಸುದ್ದಿ ಮುಟ್ಟಿಸಿದ್ದರು. ಅಲ್ಲಿನ ಡ್ವಾರ್ಫ್ ಫೈಟರ್ 'ನನಗೂ ಇದೆ ತಾನೇ?' ಅಂತ ಕೇಳಿ ಆಗಿತ್ತು. ಒಬ್ಬರ ಸಮಾಧಾನಕ್ಕೆ ಬರೆದ ವಾಕ್ಯ ವಾರದೊಳಗೆ ನನ್ನ ಅಂಗಡಿಯ ಬೋರ್ಡ್ ಆಗಿಬಿಟ್ಟಿತ್ತು.

ಕ್ಲೆರಿಕ್ ಮತ್ತು ರೋಗ್ ಇಬ್ಬರನ್ನೂ ಸೆಷನ್‌ಗೆ ಮೊದಲು ಒಂದೇ ಕಾಲ್‌ಗೆ ಕರೆದೆ. ಬೇರೆ ಬೇರೆಯಾಗಿ ಮಾತಾಡಿದ್ದರೆ ಒಬ್ಬರ ಮೇಲೊಬ್ಬರು ದೂರು ಕೊಟ್ಟ ಹಾಗಾಗುತ್ತಿತ್ತು. ತಪ್ಪು ನನ್ನದು ಅಂದೆ. ಕ್ಲೆರಿಕ್ ನಕ್ಕರು. 'ನನಗೆ ಬಾಗಿಲು ಬೇಕಾಗಿರಲಿಲ್ಲ. ನನ್ನ ಡ್ವಾರ್ಫ್ ಗೋಡೆ ಮುಟ್ಟಿದಾಗ ಏನಾದ್ರೂ ಅನಿಸ್ಬೇಕು, ಅಷ್ಟೇ.' ಇದನ್ನು ಆರನೇ ಸೆಷನ್ ದಿನವೇ ಕೇಳಿಕೊಂಡಿದ್ದರೆ ಎರಡು ಸಂಜೆ ಉಳಿಯುತ್ತಿತ್ತು.

ಈಗಿನ ರೂಲ್ ಹೀಗಿದೆ. ಡ್ವಾರ್ಫ್ ಕಲ್ಲಿನ ಮೇಲೆ ಕೈಯಿಟ್ಟು ಒಂದು ಪ್ರಶ್ನೆ ಕೇಳಬಹುದು: ಯಾರು ಕಡೆದರು, ಯಾವಾಗ ಕಟ್ಟಿದರು, ಆಮೇಲೆ ಏನು ಬದಲಾಯಿತು. ಇವುಗಳಲ್ಲಿ ಒಂದು ಮಾತ್ರ. ಒಂದು ಕೋಣೆಗೆ ಒಂದೇ ಸಲ, ದಾಳ ಬೇಡ, ಉತ್ತರ ಸತ್ಯ. ಬಾಗಿಲು ಎಲ್ಲಿದೆ, ಹೇಗೆ ತೆಗೆಯುವುದು ಅನ್ನುವುದು ಆ ಉತ್ತರದಲ್ಲಿ ಬರುವುದಿಲ್ಲ. ಅದು ಹುಡುಕುವವರ ಪಾಲು. ಇದಕ್ಕಾಗಿ ಈಗ ಪ್ರತಿ ಕೋಣೆಗೂ ಮೊದಲೇ ಮೂರು ಸಾಲು ಬರೆದಿಟ್ಟುಕೊಳ್ಳುತ್ತೇನೆ. ಅರ್ಧಕ್ಕರ್ಧ ಯಾರೂ ಕೇಳುವುದಿಲ್ಲ, ಇರಲಿ.

ಹುರುಪಿನಲ್ಲಿ ಡ್ವಾರ್ಫ್ ವೇಗವನ್ನೂ 25 ಅಡಿಯಿಂದ 30ಕ್ಕೆ ಏರಿಸಲು ಹೊರಟಿದ್ದೆ. ಈ ಸಲ ಮೊದಲು ಶೀಟ್ ನೋಡಿದೆ. ಅವರ ಮೈಮೇಲೆ ಪ್ಲೇಟ್ ಕವಚ, ಅದಕ್ಕೆ ಬೇಕಾದ ಸ್ಟ್ರೆಂತ್ 15, ಅವರದ್ದು 13. ಬೇರೆಯವರಾಗಿದ್ದರೆ 10 ಅಡಿ ವೇಗ ಕಳೆದುಕೊಳ್ಳುತ್ತಿದ್ದರು. ಡ್ವಾರ್ಫ್‌ಗೆ ಆ ಕಡಿತ ಇಲ್ಲ. 2024ರ ಪುಸ್ತಕದಲ್ಲಿ ವೇಗ 30 ಆಗಿದೆ, ಆದರೆ ಭಾರದ ಕವಚದ ಈ ರಿಯಾಯಿತಿ ಹೋಗಿದೆ. ನಾನು ಎರಡನ್ನೂ ಕೊಡುವವನಿದ್ದೆ.

ಕಳೆದ ವಾರ ಅವರು ಒಂದು ಸಮಾಧಿಯೊಳಗೆ ಇಳಿದರು. ರೋಗ್ ಕೂಡ ಬಂದಿದ್ದರು, ಕ್ಯಾಮೆರಾ ಆನ್ ಇತ್ತು. ಕ್ಲೆರಿಕ್ ಗೋಡೆ ಮುಟ್ಟಿ, 'ಆಮೇಲೆ ಏನು ಬದಲಾಯಿತು?' ಅಂದರು.

'ಕಲ್ಲು ಹಳೆಯದು. ಈ ಮೂಲೆಯ ಗಾರೆ ಮಾತ್ರ ಹೊಸದು. ಒಳಗಿನಿಂದ ಮೆತ್ತಿದ್ದಾರೆ.'

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ರೋಗ್, 'ಒಳಗಿನಿಂದಲಾ?' ಅಂತ ಕೇಳಿ ದಾಳ ಕೈಗೆತ್ತಿಕೊಂಡರು.