ಅಜ್ಜಿಯ ಬ್ಯಾಲೆನ್ಸ್ ಕೂಗಿದ ದಿನ

2020ರ ಏಪ್ರಿಲ್ ಎಂದರೆ ಊರಿಗೆಲ್ಲ ಕೊರೋನಾ ನೆನಪಾಗುತ್ತದೆ, ಬ್ಯಾಂಕಿನ ಪರವಾಗಿ ಊರಲ್ಲೇ ಬೆರಳಚ್ಚು ಪಡೆದು ಹಣ ಕೊಡುವ ನಮ್ಮಂಥ ಬ್ಯಾಂಕ್ ಮಿತ್ರರಿಗೆ ನೆನಪಾಗುವುದು 300 ಎರರ್, ಅಂದರೆ ಬೆರಳಚ್ಚು ಆಧಾರ್‌ಗೆ ಹೊಂದಲಿಲ್ಲ ಎಂಬ ಸಂದೇಶ. ಜನಧನ್ ಖಾತೆಯ ಹೆಂಗಸರಿಗೆ ಮೂರು ತಿಂಗಳು ತಲಾ 500 ರೂಪಾಯಿ ಎಂದು ಕೇಂದ್ರ ಸರ್ಕಾರ ಹೇಳಿತ್ತು, ಎರಡು ತಿಂಗಳ ಪಿಂಚಣಿ ಮುಂಗಡ ಎಂದು ರಾಜ್ಯ ಹೇಳಿತ್ತು. ಖಾತೆ ಸಂಖ್ಯೆಯ ಕೊನೆಯ ಅಂಕಿ 0 ಅಥವಾ 1 ಇದ್ದವರು ಏಪ್ರಿಲ್ 3ಕ್ಕೆ, 2 ಅಥವಾ 3 ಇದ್ದವರು 4ಕ್ಕೆ ಎಂಬ ಪಟ್ಟಿಯನ್ನು ನನ್ನ ಸೇವಾ ಕೇಂದ್ರದ ಬಾಗಿಲಿಗೆ ಅಂಟಿಸಿದ್ದೆ. ಓದುವವರು ಯಾರು? ತೆಗೆಯದಿದ್ದರೆ ಹಣ ವಾಪಸ್ ಹೋಗುತ್ತದೆ ಎಂಬ ಸುದ್ದಿ ಪಟ್ಟಿಗಿಂತ ಮೊದಲೇ ಹಿರಿಯೂರು ಸೀಮೆಯನ್ನೆಲ್ಲ ಸುತ್ತಿಯಾಗಿತ್ತು.

ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ಮುದುಕರೆಲ್ಲ ಹಾಜರು. ಸುಣ್ಣದ ವೃತ್ತಗಳಲ್ಲಿ ಚಪ್ಪಲಿ ಬಿಟ್ಟು, ತಾವು ಹುಣಸೆಮರದ ಕೆಳಗೆ ಒತ್ತೊತ್ತಾಗಿ ಕುಳಿತು ಎಲೆಅಡಿಕೆ ಹಂಚಿಕೊಳ್ಳುತ್ತಿದ್ದರು. ಅಂತರ ಕಾಪಾಡಿದ್ದು ಚಪ್ಪಲಿಗಳು ಮಾತ್ರ. ಕೆಲವರು ನೂರು ರೂಪಾಯಿ ತೆಗೆದು, ಎರಡು ದಿನ ಬಿಟ್ಟು ಮತ್ತೆ ನೂರಕ್ಕೆ ಬರುತ್ತಿದ್ದರು. ಪಾಸ್‌ಬುಕ್ ಕೈಯಲ್ಲಿದ್ದರೆ ಪೊಲೀಸರು ಬಿಡುತ್ತಿದ್ದರು ನೋಡಿ. ಸಂತೆ ಇಲ್ಲ, ದೇವಸ್ಥಾನಕ್ಕೆ ಬೀಗ, ಅರಳಿಕಟ್ಟೆಗೆ ಮುಳ್ಳುಬೇಲಿ. ಅವರಿಗೆ ಉಳಿದಿದ್ದು ನನ್ನ ಅಂಗಡಿಯ ಮುಂದಿನ ನೆರಳೊಂದೇ. ನನಗೆ ಅದು ಆಗ ಹೊಳೆಯಲಿಲ್ಲ. ಟ್ರಾನ್ಸಾಕ್ಷನ್ ಲೆಕ್ಕ ಹೆಚ್ಚಿತೆಂದು ಒಳಗೊಳಗೇ ಖುಷಿಪಟ್ಟಿದ್ದೆ.

ಅಷ್ಟರಲ್ಲಿ ಬ್ಯಾಂಕಿನ ಪರವಾಗಿ ನಮ್ಮನ್ನು ನೇಮಿಸಿಕೊಂಡ ಕಂಪನಿಯ ಕೋಆರ್ಡಿನೇಟರ್ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಆಜ್ಞೆ ಹೊರಡಿಸಿದರು: ಅರವತ್ತು ದಾಟಿದವರನ್ನು ಕೇಂದ್ರಕ್ಕೆ ಬರಗೊಡಬೇಡಿ, ಮೆಷಿನ್ ತೆಗೆದುಕೊಂಡು ಮನೆಬಾಗಿಲಿಗೆ ಹೋಗಿ, ಫೋಟೋ ಹಾಕಿ. ಪೆಟ್ರೋಲ್ ಕಾಸಿನ ಮಾತು ಅದರಲ್ಲಿ ಇರಲಿಲ್ಲ. ಆದರೂ ನನಗೆ ಅದು ಸರಿಯಾದ ಆಜ್ಞೆ ಎನಿಸಿತು. ದೇಶದಲ್ಲಿ ಕೊರೋನಾಕ್ಕೆ ಮೊದಲು ಬಲಿಯಾದವರು ಕಲಬುರಗಿಯ 76 ವರ್ಷದ ಹಿರಿಯರು. ಮಾರ್ಚ್ 10ರ ಆ ಸಾವಿನ ಸುದ್ದಿ ಕೇಳಿದಾಗಿನಿಂದ ಈ ಮುದುಕರ ಗುಂಪು ಕಂಡರೆ ನನಗೆ ಹೆದರಿಕೆ. ಮೆಷಿನ್, ಸ್ಕ್ಯಾನರ್, ಸ್ಯಾನಿಟೈಸರ್ ಬ್ಯಾಗಿಗೆ ಹಾಕಿಕೊಂಡು ಬೈಕ್ ಹತ್ತಿದೆ.

ಊರಾಚೆ ಸೇವಂತಿಗೆ ತೋಟದ ಮನೆಯ ಅಜ್ಜಿ. ಕೇಂದ್ರಕ್ಕೆ ಬಂದಾಗಲೆಲ್ಲ ಅವರ ಬೆರಳು ಒಂದೇ ಸಲಕ್ಕೆ ಹೊಂದುತ್ತಿತ್ತು. ಅಂದು ಅವರದೇ ಜಗಲಿಯ ಮೇಲೆ, ಮಗ, ಸೊಸೆ, ಮೊಮ್ಮಕ್ಕಳು ಸುತ್ತ ನಿಂತಿರುವಾಗ, ಹೊಂದಲೇ ಇಲ್ಲ. 300. ಸೆರಗಿಗೆ ಒರೆಸಿಕೊಳ್ಳಿ ಎಂದೆ. 300. ಸ್ಯಾನಿಟೈಸರಿನ ಪಸೆ ಇರಬೇಕೆಂದು ಒಣಗಲು ಬಿಟ್ಟೆ. ಬಲಗೈ ಆಯಿತು, ಎಡಗೈ ಆಯಿತು. ಬೆರಳಿನ ತುದಿಯನ್ನಷ್ಟೇ, ಕಾದ ಹಂಚನ್ನು ಮುಟ್ಟುವಂತೆ, ತಾಗಿಸಿ ತೆಗೆಯುತ್ತಿದ್ದರು. "ಇವತ್ತು ಬೇಡ ಬಿಡಪ್ಪಾ, ನಾನೇ ನಾಳೆ ಬರುತ್ತೇನೆ" ಎಂದರು. ಬಿಡಬೇಕಿತ್ತು. ಬಿಡಲಿಲ್ಲ. ಬಂದ ಕೆಲಸ ಮುಗಿಸದೆ ಹೋಗುವುದೆಂತು ಎಂಬ ಹಟ, ಜೊತೆಗೆ ಫೋಟೋ ಬೇರೆ ಹಾಕಬೇಕು. ಅವರ ಹೆಬ್ಬೆರಳನ್ನು ನಾನೇ ಹಿಡಿದು ಒತ್ತಿದೆ. ಹಸಿರು ಟಿಕ್ ಬಂತು.

ಅಜ್ಜಿಗೆ ಕಿವಿ ಮಂದ. ನನ್ನ ಬಾಯಿಗೆ ಎರಡು ಪದರದ ಮಾಸ್ಕ್. ಹಾಗಾಗಿ ಸಾಧ್ಯವಿದ್ದಷ್ಟು ಗಟ್ಟಿಯಾಗಿ ಕೂಗಿದೆ: "ಸಾವಿರ ಬಂತು ಅಜ್ಜಿ! ಇನ್ನೂ ಏಳು ಸಾವಿರದ ನಾನೂರು ಖಾತೆಯಲ್ಲಿದೆ!"

ಮಾತು ಮುಗಿಯುವ ಮೊದಲೇ ಸೊಸೆ ಗಂಡನ ಮುಖ ನೋಡಿದ್ದು ಕಂಡಿತು. ಅಜ್ಜಿ ನೆಲ ನೋಡಿದರು. "ಅಷ್ಟು ಇದೆಯೇ? ಹಾಗಾದರೆ ಎಲ್ಲವನ್ನೂ ತೆಗೆದುಬಿಡಿ" ಎಂದ ಮಗ. ಅವನು ಕೆಟ್ಟವನಲ್ಲ. ಕೊಳ್ಳುವವರಿಲ್ಲದೆ ತೋಟದ ಹೂವೆಲ್ಲ ಗಿಡದಲ್ಲೇ ಕೊಳೆಯುತ್ತಿತ್ತು, ಗೊಬ್ಬರದ ಅಂಗಡಿಯ ಸಾಲ ತಲೆಯ ಮೇಲಿತ್ತು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ಪರಿಹಾರ ಘೋಷಣೆಯಾಗಿದ್ದು ಮೇ ತಿಂಗಳಿನಲ್ಲಿ. "ಸರ್ವರ್ ಡೌನ್" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದಿನವೆಲ್ಲ ಅದನ್ನೇ ಹೇಳುವ ಬಾಯಿಗೆ ಬೇಕಾದಾಗ ಅದು ಬರಲಿಲ್ಲ. ಅಜ್ಜಿ ಬೆರಳು ಕೊಟ್ಟರು. ಈ ಸಲ ಮೊದಲ ಒತ್ತಿಗೇ ಹೊಂದಿತು.

ಬೈಕ್ ತಿರುಗಿಸುವಾಗ ಹತ್ತಿರ ಬಂದು, "ಬಾಯಿಗೆ ಬಟ್ಟೆ ಕಟ್ಟಿಕೊಂಡೂ ಇಷ್ಟು ದೊಡ್ಡ ಬಾಯಿಯೇನಪ್ಪಾ ನಿನಗೆ?" ಎಂದರು. ಅಷ್ಟೇ.

ಆಮೇಲೆ ಕೇಂದ್ರದಲ್ಲಿ ಕುಳಿತು ಒಬ್ಬೊಬ್ಬರನ್ನೇ ಗಮನಿಸತೊಡಗಿದೆ. ಬ್ಯಾಲೆನ್ಸ್ ಇರುವ ಚೀಟಿಯನ್ನು ಅಲ್ಲೇ ಹರಿದು ಬಿಸಾಡುವವರು. ಸಾವಿರ ತೆಗೆದು, ಎಂಟುನೂರು ಕೈಯಲ್ಲಿ ಹಿಡಿದು, ಇನ್ನೂರನ್ನು ಎಲೆಅಡಿಕೆ ಚೀಲಕ್ಕೆ ಸೇರಿಸುವವರು. ಪಾಸ್‌ಬುಕ್ಕನ್ನು ನನ್ನ ಡ್ರಾದಲ್ಲೇ ಇಟ್ಟುಹೋಗುವವರೂ ಇದ್ದರು. ಬಿಪಿ ಮಾತ್ರೆಗೆ, ಮಗಳ ಮನೆಗೆ ಹೋಗುವಾಗ ಮೊಮ್ಮಗುವಿನ ಕೈಗೆ, ಮಗನನ್ನು ಕೇಳದೆ ಖರ್ಚು ಮಾಡಬಹುದಾದ ಕಾಸು ಅದು. ಆ ಕಾಸು ಗುಟ್ಟಾಗಿರಲು ಅವರಿಗೆ ನಾನು ಬೇಕಿತ್ತು, ನನ್ನ ಕೌಂಟರಿನ ಗಾಜು ಬೇಕಿತ್ತು, ಮನೆಯಿಂದ ಒಂದಿಷ್ಟು ದೂರ ಬೇಕಿತ್ತು. ರೋಗಕ್ಕೆ ಹೆದರಲಿಲ್ಲ ಎಂದಲ್ಲ. ಅದನ್ನೂ ಇದನ್ನೂ ತೂಗಿ ನೋಡಿಯೇ ಮರದ ಕೆಳಗೆ ಬಂದು ಕುಳಿತಿದ್ದರು.

ಹಾಸಿಗೆ ಹಿಡಿದವರ ಮನೆಗೆ ಈಗಲೂ ಹೋಗುತ್ತೇನೆ. ಉಳಿದವರನ್ನು ಮೊದಲು ಕೇಳುತ್ತೇನೆ: ಬರಲೇ, ನೀವೇ ಬರುತ್ತೀರಾ? ಮನೆಯಲ್ಲಿ ಬೆರಳು ಹೊಂದದಿದ್ದರೆ ಎರಡನೆಯ ಸಲಕ್ಕೇ ನಮ್ಮ ಸರ್ವರ್ ಡೌನ್ ಆಗುತ್ತದೆ. ಬ್ಯಾಲೆನ್ಸ್ ಕೂಗುವುದಿಲ್ಲ, ಓದು ಬಾರದವರಿಗೆ ನೋಟು ತೋರಿಸಿ, ಬೆರಳು ಮಡಿಸಿ ಹೇಳುತ್ತೇನೆ.

ಕಂಪನಿ ಮಾತ್ರ ಇನ್ನೂ ಮುಂದೆ ಹೋಗಿದೆ. ಹೊಸದಾಗಿ ಕೊಟ್ಟಿರುವ ಮೆಷಿನ್ ತಾನೇ ಬ್ಯಾಲೆನ್ಸ್ ಓದಿ ಹೇಳುತ್ತದೆ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. ಧ್ವನಿ ತಗ್ಗಿಸುವ ಆಯ್ಕೆ ಎಲ್ಲೂ ಇಲ್ಲ. ಸ್ಪೀಕರ್ ಮೇಲೆ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದೆ. ಕಳೆದ ಸಲ ತಪಾಸಣೆಗೆ ಬಂದ ಕೋಆರ್ಡಿನೇಟರ್ ಅದನ್ನು ಕಿತ್ತು, ಸಲಕರಣೆಗೆ ಹಾನಿ ಎಂದು ರಿಮಾರ್ಕ್ ಬರೆದು ಹೋದರು. ಅವರ ಬೈಕ್ ತಿರುವು ದಾಟಿದ ಮೇಲೆ ಹೊಸ ಪಟ್ಟಿ ಅಂಟಿಸಿದೆ.