ಹೆಸರು ಓದಿದ್ದು ನಾನೇ

ನಮ್ಮ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು ನಾನು. ಹದಿನಾಲ್ಕು ಜನ ಹೆಂಗಸರು, ಶನಿವಾರ ಸಂಜೆ ಅಂಗನವಾಡಿಯಲ್ಲಿ ಸಭೆ. ಬ್ಯಾಂಕಿನವರು ನಮಗೆ ಸಾಲ ಕೊಡುವಾಗ ಒಡವೆ ಕೇಳಲಿಲ್ಲ, ಪಹಣಿ ಕೇಳಲಿಲ್ಲ. 1992ರಲ್ಲಿ ಕೃಷಿ, ಹಳ್ಳಿ ಸಾಲ ನೋಡಿಕೊಳ್ಳುವ ರಾಷ್ಟ್ರೀಯ ಬ್ಯಾಂಕು ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಶುರು ಮಾಡಿದಾಗಿನಿಂದ ಪದ್ಧತಿ ಹಾಗೇ ಇದೆ. ಒಬ್ಬರಿಗೆ ಇನ್ನೊಬ್ಬರೇ ಜಾಮೀನು.

ಆ ಶನಿವಾರ ನಾಲ್ಕು ಜನರ ಕಂತು ಬಾಕಿ ಇತ್ತು. ಸೋಮವಾರ ಬ್ಯಾಂಕಿನವರು ಬರುವವರಿದ್ದರು. "ಹೊಲಿಗೆಯವಳದ್ದು ಜೋರಾಗಿ ಓದು, ಎಲ್ರಿಗೂ ಗೊತ್ತಾಗ್ಲಿ" ಅಂದರು ಅಧ್ಯಕ್ಷೆ. ಉಳಿದ ಮೂವರು ಅಧ್ಯಕ್ಷೆಯ ಬೀದಿಯವರು. ನನಗದು ಗೊತ್ತಿತ್ತು. ಆದರೂ ಒಂದೇ ಹೆಸರು ಓದಿದೆ.

ಆಕೆ ಎದ್ದು ನಿಂತಳು. ಸೆರಗಿನ ಗಂಟು ಬಿಚ್ಚಿ ಮುನ್ನೂರು ರೂಪಾಯಿ ಜಮಖಾನದ ಮೇಲಿಟ್ಟಳು. ನೂರರ ಮೂರು ನೋಟು, ಬೆವರಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ತುಂಬಾ ಹೊತ್ತು ಯಾರೂ ಆ ದುಡ್ಡು ಮುಟ್ಟಲಿಲ್ಲ.

ಮುಂದಿನ ವಾರ ಎಲ್ಲರ ಕಂತೂ ಬಂತು. ಪುಸ್ತಕ ನೋಡಿ ನನಗೆ ಖುಷಿಯೇ ಆಯ್ತು. ಆಮೇಲೆ ಗೊತ್ತಾಯಿತು, ಒಬ್ಬಳು ಕಿವಿಯೋಲೆ ಅಡವಿಟ್ಟಿದ್ದಳು, ಇನ್ನೊಬ್ಬಳು ವಾರದ ಬಡ್ಡಿಯವನ ಹತ್ತಿರ ಕೈಸಾಲ ತಂದಿದ್ದಳು. ಮೊದಲಾದರೆ "ಈ ವಾರ ಆಗ್ಲಿಲ್ಲ ಕಣಕ್ಕಾ" ಅಂತ ಸಭೆಯಲ್ಲೇ ಹೇಳುತ್ತಿದ್ದರು. ಇಬ್ಬರು ಮೂವರು ಸೇರಿ ತುಂಬಿಬಿಡುತ್ತಿದ್ದೆವು. ಈಗ ದುಡ್ಡಿಟ್ಟು, ಸಹಿ ಹಾಕಿ, ಸುಮ್ನೆ ಎದ್ದು ಹೋಗುತ್ತಾರೆ. ನಾನು ಹೆಸರು ಓದದೆ ಉಳಿಸಿದ ಆ ಮೂವರು ಕೂಡ ನನ್ನ ಜೊತೆ ಮೊದಲಿನ ಹಾಗೆ ಮಾತಾಡುವುದಿಲ್ಲ. ನಾಳೆ ತಮ್ಮ ಸರದಿ ಬಂದರೆ ಅನ್ನುವ ಭಯ ಇರುತ್ತೆ, ಅಲ್ವಾ?

ಒಂದು ಮಧ್ಯಾಹ್ನ ಆಕೆಯ ಮನೆಗೆ ಹೋದೆ. ಸೀರೆಗೆ ಫಾಲ್ಸ್ ಹಾಕುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಬಾಕಿ ಇದ್ದದ್ದು ನಿಜ ಅಕ್ಕಾ. ಓದಿದ್ದಕ್ಕೆ ಬೇಜಾರಿಲ್ಲ. ಉಳಿದ ಮೂವರದ್ದು ಯಾಕೆ ಓದ್ಲಿಲ್ಲ?"

ಉತ್ತರ ಇರಲಿಲ್ಲ. ತಪ್ಪಾಯ್ತು ಅಂದೆ. ಅಲ್ಲಿ ಹೇಳಿದ್ದು ಸಾಲದು ಅನ್ನಿಸಿ ಮುಂದಿನ ಸಭೆಯಲ್ಲೂ ಎಲ್ಲರೆದುರು ಅದನ್ನೇ ಹೇಳಿದೆ. ಬಾಕಿ ಇದ್ದರೆ ಮೊದಲು ಮನೆಗೆ ಹೋಗಿ ಕೇಳುವುದು, ಸಭೆಯಲ್ಲಿ ಯಾರನ್ನೂ ನಿಲ್ಲಿಸುವುದಿಲ್ಲ ಅಂತ ಠರಾವು ಪುಸ್ತಕದಲ್ಲಿ ಬರೆದೆವು. ಅಧ್ಯಕ್ಷೆಯೂ ಸಹಿ ಹಾಕಿದರು.

ಆಕೆ ಈಗಲೂ ಬರುತ್ತಾಳೆ. ಮೊದಲು ಪಾಸ್‌ಬುಕ್ ನನ್ನ ಹತ್ತಿರವೇ ಬಿಟ್ಟು ಹೋಗುತ್ತಿದ್ದಳು. ಈಗ ಬರೆಸಿಕೊಂಡು, ಪಕ್ಕದಲ್ಲೇ ಕೂತು ಕೂಡಿ ನೋಡಿ, ಚೀಲಕ್ಕೆ ಹಾಕಿಕೊಂಡು ಹೋಗುತ್ತಾಳೆ.